ಇನ್ನೂ ಒಬ್ಬರಿದ್ದಾರೆ

ಹನ್ನೆರಡು ವರ್ಷದ ಹಿಂದೆ ಜಿನದತ್ತಯ್ಯನವರಿಗೆ ನಾನೊಂದು ಮಾತು ಕೊಟ್ಟಿದ್ದೆ. ನಮ್ಮ ಊರಿನ ಆಸ್ಪತ್ರೆಯಲ್ಲಿ ಎದೆಬಡಿತದ ಗೆರೆ ತೆಗೆಯುವ ಯಂತ್ರ ಅವರ ಕೈಯಿಂದ ನನ್ನ ಕೈಗೆ ಬಂದ ದಿನ ಅದು. ಮೂವತ್ತು ವರ್ಷ ಆ ಯಂತ್ರದ ಮುಂದೆ ಕೂತಿದ್ದವರು ಬೀಗದ ಕೈ ಕೊಡುವ ಮುಂಚೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದರು. "ಯಾರ ಗೆರೇಲಿ ಯಾರು ಬಿದ್ರು ಅಂತ ಯಾರಿಗೂ ಹೇಳಕೂಡದು. ಮಲಗಿರೋರಿಗೂ ಹೇಳಕೂಡದು, ಬಿದ್ದೋರಿಗೂ ಹೇಳಕೂಡದು. ಇನ್ನೂ ಒಬ್ಬರಿದ್ದಾರೆ ಅನ್ನು. ಅಷ್ಟೇ. ಮಿಕ್ಕಿದ್ದನ್ನ ಮನೆಯವರು ನೋಡ್ಕೋತಾರೆ." ನಾನು ಆಗಲಿ ಅಂದೆ. ಆಗ ನನಗೆ ಕೆಲಸ ಬೇಕಾಗಿತ್ತು. ಬೇರೆ ಏನು ಕೇಳಿದ್ದರೂ ಆಗಲಿ ಅನ್ನುತ್ತಿದ್ದೆ.

ನಮ್ಮ ಊರಿನಲ್ಲಿ ಒಬ್ಬರನ್ನು ಮಲಗಿಸಿ ಗೆರೆ ತೆಗೆದರೆ ಅವರದೊಂದೇ ಬರುವುದಿಲ್ಲ. ಅವರ ಬಡಿತಗಳ ನಡುವೆ ಇನ್ನೊಬ್ಬರ ಬಡಿತ ಸಣ್ಣದಾಗಿ ಬಂದು ಬೀಳುತ್ತದೆ. ಕೆಲವರಿಗೆ ಒಬ್ಬರದು, ಕೆಲವರಿಗೆ ಮೂರು ನಾಲ್ಕು ಜನರದು. ಹಾಗೆ ಬಿದ್ದವರು ಕಾಲುವೆ ದಾಟಿ ಆಚೆ ದಂಡೆಯಲ್ಲಿ ನಿಂತರೆ ಕಾಗದ ಚೊಕ್ಕವಾಗುತ್ತದೆ, ವಾಪಸ್ ಬಂದರೆ ಮತ್ತೆ ಬೀಳುತ್ತದೆ. ಬೀಳುವವರು ಮಲಗಿದವರನ್ನು ಹಚ್ಚಿಕೊಂಡವರೋ, ಮಲಗಿದವರು ಯಾರನ್ನು ಹಚ್ಚಿಕೊಂಡಿದ್ದಾರೋ ಅವರೋ ಎನ್ನುವುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಕ್ಷೌರದ ಅಂಗಡಿಯಲ್ಲಿ ಆ ವಾದ ನನ್ನ ತಂದೆಯ ಕಾಲದಿಂದ ನಡೆಯುತ್ತಿದೆ. ಮಲಗಬೇಕಾದವರನ್ನೇ ಆಚೆ ದಂಡೆಗೆ ಕರೆದುಕೊಂಡು ಹೋಗಿ ಅಲ್ಲೇ ತೆಗೆದರೆ ಆಯಿತಲ್ಲ ಎಂದು ಹೊರಗಿನಿಂದ ಬಂದ ಪ್ರತಿ ಡಾಕ್ಟರೂ ಒಂದು ಸಲ ಕೇಳುತ್ತಾರೆ. ತೆಗೆದು ನೋಡಿದ್ದಾರೆ ಕೂಡ. ಕಾಲುವೆಯ ಆಚೆ ನಮ್ಮ ಊರಿನವರ ಗೆರೆ ಬರುವುದೇ ಇಲ್ಲ. ಮನುಷ್ಯ ಎಲೆಯಡಿಕೆ ಜಗಿಯುತ್ತಾ ಮಾತಾಡುತ್ತಿದ್ದರೂ ಕಾಗದದ ಮೇಲೆ ನೆಟ್ಟಗಿನ ಗೆರೆ. ಅದಕ್ಕೇ ದೊಡ್ಡ ಆಸ್ಪತ್ರೆಯವರು ಏನು ಮಾಡಬೇಕಾದರೂ ನಮ್ಮಲ್ಲಿ ತೆಗೆದ ಕಾಗದವನ್ನೇ ನೋಡಿ ಮಾಡಬೇಕು.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಗೆರೆ ತೆಗೆಸುವ ಮನೆಯವರು ಹಿಂದಿನ ದಿನವೇ ಕೂತು, ದಾಟಬೇಕಾದವರ ಪಟ್ಟಿ ಮಾಡುತ್ತಾರೆ. ನಾನು ಕಾಗದ ನೋಡಿ "ಇನ್ನೂ ಒಬ್ಬರಿದ್ದಾರೆ" ಅಂದರೆ ಮತ್ತೆ ಯೋಚನೆ ಮಾಡಿ ಮತ್ತೊಬ್ಬರನ್ನು ಕಳಿಸುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅವಮಾನ. ಕರೆಯದಿದ್ದರೂ ತಾವಾಗಿ ಹೋಗಿ ಆಚೆ ದಂಡೆಯಲ್ಲಿ ಕೊಡೆ ಹಿಡಿದು ನಿಲ್ಲುವ ಚಿಕ್ಕಪ್ಪಂದಿರು, ಅತ್ತಿಗೆಯರು ಪ್ರತಿ ಸಲವೂ ಇರುತ್ತಾರೆ. ಅವರು ಹೋದರೂ ಬಂದರೂ ಕಾಗದದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ನಾನು ಸುಮ್ಮನಿರುತ್ತೇನೆ. ಜಿನದತ್ತಯ್ಯನವರು ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರಂತೆ. ಆಮೇಲೆ ಎರಡು ಮನೆಗಳ ನಡುವೆ ಇದ್ದ ಬಾಗಿಲಿಗೆ ಇಟ್ಟಿಗೆ ಕಟ್ಟಿದರು. ಆ ಗೋಡೆ ಈಗಲೂ ಇದೆ, ಸುಣ್ಣ ಬೇರೆ ಬಣ್ಣ.

ಮನುಷ್ಯರದ್ದು ಹಾಗಿರಲಿ, ನನ್ನ ನಿಜವಾದ ಕೆಲಸ ಕರೆಂಟಿನ ಜೊತೆ. ಗೋಡೆಯೊಳಗಿನ ವೈರು, ಟ್ಯೂಬ್‌ಲೈಟು, ಫ್ಯಾನು, ಪಕ್ಕದ ಕೋಣೆಯ ಫ್ರಿಜ್ಜು, ಎಲ್ಲವೂ ಮೈಮೇಲೆ ಬಂದು ಕೂರುತ್ತವೆ. ಗೆರೆ ಗರಗಸದ ಹಲ್ಲಿನ ಹಾಗಾಗುತ್ತದೆ. ಮಂಚವನ್ನು ಗೋಡೆಯಿಂದ ಎರಡು ಮಾರು ದೂರ ಎಳೆಯಬೇಕು. ಬಳೆ, ಉಡಿದಾರ, ಮೊಬೈಲು ತೆಗೆಸಬೇಕು. ಚರ್ಮವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೆಂಪಗಾಗುವಷ್ಟು ಉಜ್ಜಬೇಕು. ಮೈಯಿಂದ ಯಂತ್ರಕ್ಕೆ ಹೋಗುವ ವೈರುಗಳನ್ನು ಹರಡಲು ಬಿಡದೆ ಜಡೆ ಹೆಣೆದ ಹಾಗೆ ಒಟ್ಟಿಗೆ ಹೆಣೆಯಬೇಕು. ಬಲಗಾಲಿನ ವೈರು ಸಡಿಲವಾಗಿದ್ದರಂತೂ ಉಳಿದ ಎಲ್ಲ ಕೆಲಸ ದಂಡ. ಮಲಗಿದವರಿಗೆ ಚಳಿಯಾದರೂ ಭಯವಾದರೂ ಮಾಂಸಖಂಡ ನಡುಗಿ ಅದೂ ಬೀಳುತ್ತದೆ, ಅದಕ್ಕೊಂದು ಕಂಬಳಿ. ಇಷ್ಟೆಲ್ಲ ಮಾಡಿದರೂ ಆರು ವರ್ಷದ ಹಿಂದೆ ಒಂದು ಚಟಪಟ ಮಾತ್ರ ಹೋಗುತ್ತಿರಲಿಲ್ಲ. ಹುಡುಕುತ್ತಾ ಹೋದರೆ ಅದು ನಮ್ಮ ಬೀದಿಯಲ್ಲೇ ಇತ್ತು. ಪಕ್ಕದ ಮನೆಯ ಸಾಕಮ್ಮನವರ ನುಗ್ಗೆ ಮರದ ಕೊಂಬೆ ಗಾಳಿಗೆ ಕಂಬದ ತಂತಿಗೆ ಉಜ್ಜಿ ಕಿಡಿ ಹಾರುತ್ತಿತ್ತು. ಲೈನ್‌ಮನ್‌ಗೆ ಹೇಳಿ ಕೊಂಬೆ ಕಡಿಸಿದೆ. ಅವನು ಮತ್ತೆ ಮತ್ತೆ ಬರುವುದು ಯಾಕೆ ಎಂದು ಮರವನ್ನೇ ಕಡಿದು ಹೋದ. ಅವತ್ತಿನಿಂದ ಸಾಕಮ್ಮ ನಮ್ಮ ಮನೆಯವರ ಜೊತೆ ಮಾತು ಬಿಟ್ಟರು.

ಈ ಸಲ ಮಲಗಬೇಕಾದವಳು ನನ್ನ ಮಗಳು. ಪಾವನಿಗೆ ಹನ್ನೊಂದು ವರ್ಷ. ಶಾಲೆಯಲ್ಲಿ ಖೋಖೋ ಆಡುವಾಗ ಎರಡು ಸಲ ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದಳು. ಹದಿನೈದು ದಿನಕ್ಕೊಮ್ಮೆ, ಬುಧವಾರ, ಹೊರಗಿನಿಂದ ಬರುವ ಹೃದಯದ ಡಾಕ್ಟರು ನನ್ನ ಮುಂದೆ ಕಾಗದ ಹರಡಿ ಪೆನ್ಸಿಲಿನಲ್ಲಿ ತೋರಿಸಿದರು. "ಬಡಿತ ಏಳುವ ಮುಂಚೆ ಇಲ್ಲೊಂದು ಸಣ್ಣ ಇಳಿಜಾರು ಇದೆಯಾ ಇಲ್ವಾ ಅಂತ ನನಗೆ ಕಾಣಬೇಕು. ಇದ್ರೆ ದೊಡ್ಡ ಆಸ್ಪತ್ರೆಗೆ ಕಳಿಸೋಣ, ಒಂದು ಸಣ್ಣ ಚಿಕಿತ್ಸೆ, ಗುಣ ಆಗುತ್ತೆ. ಇದ್ದೂ ಬಿಟ್ರೆ ಯಾವತ್ತೋ ಒಂದು ದಿನ ಬಿದ್ದವಳು ಏಳದೇ ಇರಬಹುದು. ಇಲ್ಲದೇ ಇದ್ರೆ ಆ ಚಿಕಿತ್ಸೆ ಮಾಡಬಾರದು. ಆದರೆ ಸರಿಯಾಗಿ ಅದೇ ಜಾಗದಲ್ಲಿ ಇನ್ಯಾರದೋ ಬಿದ್ದಿದೆಯಲ್ಲ ಮಾರಾಯರೇ. ಮುಂದಿನ ಸಲ ನಾನು ಬರೋದು ಕೊನೇದು. ಆಮೇಲೆ ಆರು ತಿಂಗಳು ಯಾರೂ ಬರಲ್ಲ. ಅಷ್ಟರಲ್ಲಿ ಚೊಕ್ಕ ಮಾಡಿ ಕೊಡಿ."

ಆ ಮೊದಲ ಕಾಗದವನ್ನು ನಾನೇ ತೆಗೆದಿದ್ದೆ. ನನ್ನ ಹೆಂಡತಿ ವನಮಾಲ ಬಸ್ ಕಂಡಕ್ಟರ್. ಅವತ್ತು ಡ್ಯೂಟಿ ಮೇಲೆ ಊರು ದಾಟಿದ್ದಳು. ಹಾಗಾಗಿ ಮಗಳ ಬಡಿತದ ನಡುವೆ ಬಿದ್ದ ಆ ಇನ್ನೊಂದು ಬಡಿತ ನನ್ನದೇ ಎಂದುಕೊಂಡೆ. ಮಂಚದ ಪಕ್ಕದಲ್ಲೇ ನಿಂತಿದ್ದೆನಲ್ಲ. ಕೆಲಸ ಕೆಟ್ಟಿತು ಎಂದು ಬೇಜಾರಾಗಬೇಕಾಗಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯಾಯಿತು. ಹಗಲೆಲ್ಲ ಆಸ್ಪತ್ರೆ, ಸಂಜೆ ಔಷಧಿ ಅಂಗಡಿಯಲ್ಲಿ ಇನ್ನೊಂದು ಕೆಲಸ, ಮನೆಗೆ ಬರುವಷ್ಟರಲ್ಲಿ ಅವಳು ಮಲಗಿರುತ್ತಾಳೆ. ಆದರೂ ಬಿದ್ದಿದ್ದೇನೆ ಅನ್ನಿಸಿತು.

ಮಾರನೇ ವಾರ ಆಸ್ಪತ್ರೆಯ ನರ್ಸ್ ಸಿಸ್ಟರ್ ಫಿಲೋಮಿನಾಗೆ ಗೆರೆ ತೆಗೆಯುವುದನ್ನೆಲ್ಲ ಹೇಳಿಕೊಟ್ಟೆ. ಅವರು ಹೊರಗಿನ ಊರಿನವರು, ಯಾರ ಗೆರೆಯಲ್ಲೂ ಬೀಳುವುದಿಲ್ಲ. ವೈರು ಹೆಣೆದುಕೊಟ್ಟು, ಬಲಗಾಲಿನ ಪಟ್ಟಿ ಎರಡು ಸಲ ಎಳೆದು ನೋಡಿ, ನಾನು, ನಮ್ಮ ಅತ್ತೆ, ಪಾವನಿಯ ಟೀಚರು, ಅವಳ ಗೆಳತಿ, ಇಷ್ಟು ಜನ ಕಾಲುವೆ ದಾಟಿದೆವು. ವನಮಾಲ ಅವತ್ತೂ ಡ್ಯೂಟಿಯ ಮೇಲೆ ಊರ ಹೊರಗೇ ಇದ್ದಳು. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಕಾಗದದಲ್ಲಿ ಅದೇ ಬಡಿತ, ಅದೇ ಜಾಗದಲ್ಲಿ.

ಸಿಸ್ಟರ್ ನನ್ನ ಮುಖ ನೋಡಿದರು. "ಇನ್ನೂ ಒಬ್ಬರಿದ್ದಾರೆ ಅಲ್ವಾ ಸರ್?"

ನಾನು ಎರಡು ಕಾಗದಗಳನ್ನೂ ಕಿಟಕಿಯ ಹತ್ತಿರ ಒಯ್ದೆ. ಆಗ ಕಂಡಿತು. ಬಿದ್ದ ಬಡಿತ ಏಳೆಂಟು ಸಲ ಸರಿಯಾಗಿ ಬಂದು, ಒಂದು ಸಲ ಅವಸರಪಟ್ಟು ಮುಂಚೆಯೇ ಬರುತ್ತಿತ್ತು. ಆಮೇಲೆ ಒಂದು ಉದ್ದನೆಯ ತಡೆ. ಮತ್ತೆ ಏಳೆಂಟು. ಮೊದಲ ಕಾಗದದಲ್ಲೂ ಹಾಗೇ ಇತ್ತು, ಹೆಮ್ಮೆಯಲ್ಲಿ ನಾನು ನೋಡಿರಲಿಲ್ಲ. ನನ್ನ ಎದೆ ಹಾಗೆ ಬಡಿಯುವುದಿಲ್ಲ. ಹಾಗಾದರೆ ಮಂಚದ ಪಕ್ಕದಲ್ಲೇ ನಿಂತಿದ್ದರೂ ನಾನು ಬಿದ್ದಿರಲಿಲ್ಲ. ಹನ್ನೆರಡು ವರ್ಷ ಈ ಯಂತ್ರದ ಜೊತೆ ಇದ್ದದ್ದಕ್ಕೆ ನನ್ನದು ಎಲ್ಲೂ ಬೀಳದ ಹಾಗಾಗಿರಬಹುದು ಎಂದುಕೊಂಡೆ. ಹಾಗೆ ಆಗುತ್ತದೆ ಎಂದು ಯಾರೂ ಹೇಳಿದ್ದಿಲ್ಲ. ಆಗುವುದಿಲ್ಲ ಎಂದೂ ಹೇಳಿದ್ದಿಲ್ಲ.

ಇನ್ನೊಂದು ವಿಷಯವೂ ಆ ಕಿಟಕಿಯ ಹತ್ತಿರವೇ ಗೊತ್ತಾಯಿತು. ಆ ಅವಸರದ ಬಡಿತವನ್ನು ನಾನು ಹಿಂದೆ ನೋಡಿದ್ದೆ. ನಾಲ್ಕು ವರ್ಷದ ಹಿಂದೆ ಸಾಕಮ್ಮ ಎದೆ ಧಸಕ್ ಅನ್ನುತ್ತದೆಂದು ಬಂದು ಇದೇ ಮಂಚದ ಮೇಲೆ ಮಲಗಿದ್ದರು. ಮಾತು ಬಿಟ್ಟಿದ್ದರಲ್ಲ, ಎಲ್ಲವೂ ಸಿಸ್ಟರ್ ಮೂಲಕ. "ಕೈ ಸಡಿಲ ಬಿಡೋಕೆ ಹೇಳಮ್ಮ" ಅಂತ ನಾನು, "ಬಿಟ್ಟಿದ್ದೀನಿ ಅಂತ ಹೇಳಮ್ಮ" ಅಂತ ಅವರು. ಊರಿನ ಎಷ್ಟೋ ಜನರ ಹೆಸರು ಮರೆತಿದ್ದೇನೆ, ಅವರ ಗೆರೆ ಮರೆತಿಲ್ಲ. ಇದು ಸಾಕಮ್ಮನವರದ್ದೇ.

ಮನೆಯಲ್ಲಿ ವನಮಾಲ ನೋಟ್‌ಬುಕ್ಕಿನ ಹಾಳೆಯಲ್ಲಿ ಹೆಸರುಗಳನ್ನು ಬರೆಯುತ್ತಾ ಕೂತಿದ್ದಳು. "ನಿಮ್ಮ ತಮ್ಮ ಇರಬಹುದಾ? ಯುಗಾದಿಗೆ ಮನೆಗೆ ಬಂದಾಗ ಅವಳಿಗೆ ಕೈಗಡಿಯಾರ ತಂದಿದ್ದ."

"ಅವನಲ್ಲ."

"ನಿಮಗೆ ಹೇಗೆ ಗೊತ್ತು?"

ಅವಳು ಪೆನ್ನು ಕೆಳಗಿಟ್ಟಳು. "ನಿಮಗೆ ಗೊತ್ತು. ಯಾರು ಅಂತ ಗೊತ್ತಿದೆ ನಿಮಗೆ."

"ಹೇಳೋ ಹಾಗಿಲ್ಲ ವನಮಾಲ."

"ಊರಿನವರಿಗೆ ಹೇಳಬೇಡಿ. ನಾನು ಅವಳ ಅಮ್ಮ."

"ಅದಕ್ಕೇ ಹೇಳೋ ಹಾಗಿಲ್ಲ."

ಹಾಗೆ ಯಾಕೆ ಅಂದೆನೋ ನನಗೇ ಅರ್ಥವಾಗಲಿಲ್ಲ. ಅವಳು ಹಾಳೆಯನ್ನು ಮಡಿಸಿ ಟಿಕೆಟ್ ಚೀಲದಲ್ಲಿ ಹಾಕಿಕೊಂಡಳು. ಆಮೇಲೆ ಕೇಳಿದಳು. "ಗೆರೆ ತೆಗೆಯುವಾಗ ನಾನು ಯಾವತ್ತೂ ಊರೊಳಗೆ ಇಲ್ಲವಲ್ಲ. ಇದ್ದಿದ್ರೆ ನಂದು ಬೀಳುತ್ತಿತ್ತಾ?"

"ಬೇಕಾದ್ರೆ ಒಂದಿನ ನೋಡೋಣ."

"ಬೇಡ. ನೋಡೋದೇ ಬೇಡ" ಎಂದು ಎದ್ದು ಒಳಗೆ ಹೋದಳು.

ಭಾನುವಾರ ಪಾವನಿಗೆ ತಲೆ ಬಾಚುತ್ತಾ ಕೇಳಿದೆ. "ಶಾಲೆ ಬಿಟ್ಟ ಮೇಲೆ ನಾವು ಬರೋವರೆಗೂ ಎಲ್ಲಿರ್ತೀಯಮ್ಮ?"

"ಮನೇಲಿ."

"ಯಾರ ಮನೇಲಿ?"

"ಸಾಕಜ್ಜಿ ಮನೇಲಿ. ಕುಚ್ಚಿನ ದಾರ ಬಿಡಿಸಿಕೊಡ್ತೀನಿ. ಅವರು ಅವಲಕ್ಕಿ ಕೊಡ್ತಾರೆ."

"ಅವರು ನಮ್ಮ ಜೊತೆ ಮಾತಾಡಲ್ವಲ್ಲ."

"ನಿಮ್ಮ ಜೊತೆ ಮಾತಾಡಲ್ಲ" ಅಂದಳು ಪಾವನಿ. "ಅಪ್ಪ, ಬೈತಲೆ ಸೊಟ್ಟ ಆಯ್ತು."

ಸಾಕಮ್ಮ ಸೀರೆ ಸೆರಗಿಗೆ ಕುಚ್ಚು ಕಟ್ಟುವವರು. ಒಂಟಿ ಹೆಂಗಸು, ಅರವತ್ತು ದಾಟಿದೆ. ಅವರನ್ನು ಅರ್ಧ ಗಂಟೆ ಕಾಲುವೆಯ ಆಚೆಗೆ ಕಳಿಸಿದರೆ ಕೆಲಸ ಮುಗಿಯುತ್ತದೆ. ಆದರೆ ಕಾರಣ ಹೇಳದೆ ಕಳಿಸುವುದು ಹೇಗೆ? ಎರಡು ದಿನ ಯೋಚಿಸಿ, ಮಾತೂ ಉಳಿಯಬೇಕು ಕೆಲಸವೂ ಆಗಬೇಕು ಎಂದು ಒಂದು ಉಪಾಯ ಮಾಡಿದೆ. ಮಂಗಳವಾರ ಸಂಜೆ ಬೀದಿಯ ಮನೆ ಮನೆಗೂ ಹೋಗಿ, ಯಾರು ಅಂತ ತಿಳಿಯುತ್ತಿಲ್ಲ, ನಾಳೆ ಹನ್ನೊಂದು ಗಂಟೆಗೆ ಇಡೀ ಬೀದಿ ದಾಟಿಬಿಡಿ ಎಂದು ಕೈಮುಗಿದೆ. ಸಾಕಮ್ಮನವರ ಮನೆಗೆ ನಾನು ಹೋಗುವ ಹಾಗಿರಲಿಲ್ಲ. ಎದುರು ಮನೆಯ ಟೈಲರ್ ಇಸ್ಮಾಯಿಲ್ ಹತ್ತಿರ ಹೇಳಿ ಕಳಿಸಿದೆ.

ಬುಧವಾರ ಬೀದಿಗೆ ಬೀದಿಯೇ ಹೊರಟಿತು. ಬುತ್ತಿ, ನೀರಿನ ಬಾಟಲಿ, ಎರಡು ಪ್ಲಾಸ್ಟಿಕ್ ಕುರ್ಚಿ, ಇಸ್ಮಾಯಿಲ್ ಕಾಜಾ ಹೊಲಿಯಬೇಕಾದ ನಾಲ್ಕು ರವಿಕೆ. ಯಾರದು ಬಿದ್ದಿದೆ ಎಂದು ಗೊತ್ತಿಲ್ಲದ್ದರಿಂದ ಎಲ್ಲರೂ ತಮ್ಮದೇ ಎನ್ನುವ ಹಾಗೆ ಗಂಭೀರವಾಗಿ ಸೇತುವೆ ಹತ್ತಿದರು. "ಆ ಮಗು ದಿನಾ ನನಗೆ ಟಾಟಾ ಮಾಡದೇ ಶಾಲೆಗೆ ಹೋಗಲ್ಲ, ನಂದೇ ಇರಬೇಕು" ಎಂದು ಹಾಲಿನ ಡೈರಿಯ ವೀರಭದ್ರಣ್ಣ. "ನಿಂದು ಬೀಳೋಕೆ ಒಳಗೆ ಏನಾದ್ರೂ ಇರಬೇಕಲ್ಲಪ್ಪ" ಎಂದು ಇಸ್ಮಾಯಿಲ್. ರಜೆ ಹಾಕಿದ್ದ ವನಮಾಲ ಯಾರ ಮುಖವನ್ನೂ ಬಿಡದೆ ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ನಾನು ಸೇತುವೆಯ ಈಚೆ ತುದಿಯಲ್ಲಿ ನಿಂತು ಎಣಿಸಿದೆ. ಸಾಕಮ್ಮ ಬರಲಿಲ್ಲ.

"ಹೇಳಿದೆಯೇನೋ ಅವರಿಗೆ?" ಅಂತ ಇಸ್ಮಾಯಿಲ್‌ನನ್ನು ಕೇಳಿದೆ.

"ಹೇಳಿದೆ ಸಾರ್. ಅವರ ಮನೆಗೂ ನನಗೂ ಏನು ಸಂಬಂಧ, ಇಲ್ಲದ ನೆಂಟಸ್ತನ ಹೇಳ್ಕೊಂಡು ನಾನು ಕಾಲುವೆ ದಾಟೋಳಲ್ಲ ಅಂದ್ರು. ಬಿಡಿ ಸಾರ್, ಅವರದೆಲ್ಲಿ ಬಿದ್ದಿರುತ್ತೆ."

ಹನ್ನೊಂದೂವರೆ ಆಗಿತ್ತು. ಡಾಕ್ಟರು ಒಂದು ಗಂಟೆಯ ಬಸ್ಸಿಗೆ ಹೊರಡುವವರು. ಪಾವನಿ ಆಗಲೇ ವೈರುಗಳ ಕೆಳಗೆ ಮಲಗಿದ್ದಳು. ನಾನು ಬೀದಿಗೆ ವಾಪಸ್ ನಡೆದೆ. ಖಾಲಿ ಬೀದಿಯಲ್ಲಿ ಒಂದು ಮನೆಯ ಬಾಗಿಲು ಮಾತ್ರ ತೆರೆದಿತ್ತು. ಸಾಕಮ್ಮ ಜಗಲಿಯ ಮೇಲೆ, ಕಾಲ ಬೆರಳಿಗೆ ದಾರ ಸಿಕ್ಕಿಸಿಕೊಂಡು, ನೇರಳೆ ಬಣ್ಣದ ಸೀರೆಯೊಂದರ ಸೆರಗು ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು. ತಲೆ ಎತ್ತಲಿಲ್ಲ.

"ಸಾಕಮ್ಮನವರೇ, ಅರ್ಧ ಗಂಟೆ ಕಾಲುವೆ ಆಚೆ ಹೋಗಿ ಬರಬೇಕು ನೀವು."

ಆರು ವರ್ಷದಲ್ಲಿ ಮೊದಲ ಸಲ ನೇರವಾಗಿ ನನಗೆ ಹೇಳಿದರು. "ಕರೆಯೋರು ಕಾರಣ ಹೇಳಿ ಕರೀಬೇಕು. ಬೀದೀಲಿ ಡಂಗುರ ಹೊಡೆದ್ರೆ ನಾಯಿಗಳು ಬರ್ತವೆ."

ನಾನು ನಿಂತೇ ಇದ್ದೆ. ಒಂದು ಕುಚ್ಚಿನ ಗಂಟು ಹಾಕಿ ಮುಂದಿನದಕ್ಕೆ ದಾರ ಎಳೆದರು. ಇನ್ನೂ ಒಬ್ಬರಿದ್ದಾರೆ ಎಂದು ಹೇಳಿ ನೋಡಬಹುದಿತ್ತು. ಆ ಮಾತನ್ನು ಸಾವಿರ ಸಲ ಹೇಳಿದ್ದೇನೆ. ಅವತ್ತು ಅದು ಯಾರಿಗೆ ಹೇಳುವ ಮಾತು ಎನ್ನುವುದೇ ತಿಳಿಯಲಿಲ್ಲ. ಗೆರೆ ತೆಗೆಯುವವನೂ ನಾನೇ, ಮನೆಯವನೂ ನಾನೇ.

"ಅವಳ ಗೆರೇಲಿ ಬಿದ್ದಿರೋದು ನಿಮ್ಮದು" ಅಂದೆ.

ಅವರ ಕೈ ನಿಂತಿತು. "ಯಾರ ಗೆರೇಲಿ?"

"ಪಾವನಿದು."

"ಬೇರೆ ಯಾರದೋ ಇರುತ್ತೆ."

"ನಿಮ್ಮ ಗೆರೆ ನಾನು ತೆಗೆದಿದ್ದೀನಿ. ನಡುನಡುವೆ ಒಂದು ಬಡಿತ ಮುಂಚೆ ಬರುತ್ತೆ, ಆಮೇಲೆ ಒಂಚೂರು ನಿಲ್ಲುತ್ತೆ."

"ಅವತ್ತೇ ಕೇಳಿದ್ದೆ. ಏನೂ ತೊಂದರೆ ಇಲ್ಲ ಅಂತ ಹೇಳಿಸಿದ್ರಿ."

"ತೊಂದರೆ ಏನಿಲ್ಲ."

ಅವರು ಸೆರಗನ್ನು ಮಡಿಲಲ್ಲೇ ಸರಿಮಾಡಿಕೊಂಡರು. ಆಮೇಲೆ ಕೇಳಿದರು. "ನಿಮ್ಮದು?"

"ಏನು?"

"ನಿಮ್ಮದು ಬಿದ್ದಿಲ್ವಾ ಅವಳದರಲ್ಲಿ?"

ನಾನು ಸೇತುವೆಯ ಕಡೆ ನೋಡಿದೆ. ಅವರು ಮತ್ತೆ ಕೇಳಲಿಲ್ಲ. "ಈ ಒಂದು ಗಂಟು ಹಾಕಿಬಿಡ್ತೀನಿ, ಬಿಟ್ರೆ ಬಿಚ್ಚಿಕೊಳ್ಳುತ್ತೆ" ಎಂದು ಹಲ್ಲಿನಲ್ಲಿ ದಾರ ಕಡಿದು, ಸೀರೆಯನ್ನು ಒಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಇಳಿದರು. ಬಾಗಿಲು ಹಾಕಿಕೊಳ್ಳಲಿಲ್ಲ.

ಸೇತುವೆ ಹತ್ತುವಾಗ ಅವರಿಗೆ ಉಬ್ಬಸ ಬಂತು. ಕೈ ಚಾಚಿದೆ. ಹಿಡಿಯಲಿಲ್ಲ, ಕಂಬಿ ಹಿಡಿದುಕೊಂಡರು. ಆಚೆ ದಂಡೆಯಲ್ಲಿ ಕೂತಿದ್ದವರೆಲ್ಲ ನಮ್ಮನ್ನು ನೋಡಿದರು. ಇಸ್ಮಾಯಿಲ್ ರವಿಕೆಯಿಂದ ಕಣ್ಣೆತ್ತಲಿಲ್ಲ. ನಾನು ಒಬ್ಬರಿಗೆ ಹೇಳಿದ್ದು ಅಷ್ಟೇ ಹೊತ್ತಿನಲ್ಲಿ ಇಡೀ ಬೀದಿಗೆ ಗೊತ್ತಾಗಿತ್ತು. ವನಮಾಲ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಪಕ್ಕದ ಕಲ್ಲಿನ ಮೇಲಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಸಾಕಮ್ಮ ಆ ಕಲ್ಲಿನ ಮೇಲೆ ಕೂತರು. ನಾನೂ ಆಚೆಯೇ ನಿಂತೆ. ನಾನು ದಾಟುವ ಅಗತ್ಯವಿರಲಿಲ್ಲ ಎನ್ನುವುದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

"ಹೆದರ್ಕೊಂಡಿದ್ದಾಳಾ?" ಎಂದು ಸಾಕಮ್ಮ ಕೇಳಿದರು, ಯಾರನ್ನು ಎಂದು ಗೊತ್ತಾಗದ ಹಾಗೆ.

"ಕಂಬಳಿ ಹೊದಿಸಿದ್ದಾರೆ" ಅಂದಳು ವನಮಾಲ.

"ಉಣ್ಣೇದು ಹೊದಿಸಿದ್ರೆ ಅವಳಿಗೆ ಕಡಿತ ಆಗುತ್ತೆ."

ವನಮಾಲ ನನ್ನ ಕಡೆ ತಿರುಗಿದಳು. ಕಂಬಳಿ ಉಣ್ಣೆಯದೇ. ಕಡಿತವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಹನ್ನೆರಡೂ ಕಾಲಿಗೆ ಸಿಸ್ಟರ್ ಸೇತುವೆಯ ಈಚೆ ತುದಿಗೆ ಬಂದು ಕಾಗದವನ್ನು ತಲೆಯ ಮೇಲೆ ಎತ್ತಿ ಹಿಡಿದರು. ಓಡಿಹೋಗಿ ನೋಡಿದೆ. ಅಷ್ಟು ಚೊಕ್ಕವಾದ ಗೆರೆಯನ್ನು ಹನ್ನೆರಡು ವರ್ಷದಲ್ಲಿ ನಾನು ತೆಗೆದಿಲ್ಲ. ಕರೆಂಟಿನ ಒಂದು ಹಲ್ಲಿಲ್ಲ, ನಡುಕವಿಲ್ಲ, ಯಾರೂ ಇಲ್ಲ. ಮಗಳ ಬಡಿತ ಒಂದೇ, ಪಕ್ಕದಲ್ಲಿ ಖಾಲಿ, ಮತ್ತೆ ಬಡಿತ. ಪ್ರತಿ ಬಡಿತವೂ ಏಳುವ ಮುಂಚೆ ಒಂದು ಸಣ್ಣ ಇಳಿಜಾರು. ಆಸ್ಪತ್ರೆಯಲ್ಲಿ ಡಾಕ್ಟರು ಅಳತೆಪಟ್ಟಿ ಇಟ್ಟು ನೋಡಿ, ಇದೆ ಅಂದರು. ನಿಂತುಕೊಂಡೇ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮುಂದಿನ ಸೋಮವಾರ ಸೇರಿಸಬೇಕು, ಮೂರು ದಿನದಲ್ಲಿ ಮನೆಗೆ. ಕಾಯಿಲೆ ಇದೆ ಎಂದು ಕೇಳಿ ಸಮಾಧಾನವಾದ ತಂದೆ ಬೇರೆ ಯಾರಾದರೂ ಇದ್ದಾರೋ ಏನೋ.

ಬೀದಿಯವರು ವಾಪಸ್ ಬಂದು ಒಲೆ ಹಚ್ಚಿದರು. ಪಾವನಿಯನ್ನು ಮನೆಗೆ ಕರೆತಂದಾಗ ಅವಳ ತೋಳಿನ ಮೇಲೆಲ್ಲ ಕೆಂಪು ದದ್ದು ಎದ್ದಿತ್ತು. ವನಮಾಲ ಕೊಬ್ಬರಿ ಎಣ್ಣೆ ಹಚ್ಚುತ್ತಾ ಕೂತಳು. ನಾನು ಆ ಸಂಜೆ ಔಷಧಿ ಅಂಗಡಿಗೆ ಹೋಗುವ ಮುಂಚೆ ಜಿನದತ್ತಯ್ಯನವರ ಮನೆಗೆ ಹೋದೆ. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಧ್ವನಿಯಿಂದ ಗುರುತು ಹಿಡಿದರು. ಮಗಳ ಕಾಗದ ಚೊಕ್ಕವಾಗಿ ಬಂತಾ ಎಂದು ಕೇಳಿದರು. ಬಂತು ಅಂದೆ. ಹೇಗೆ ಬಂತು ಎಂದು ಕೇಳಿದರು. ನಿಮಗೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಅಂದೆ.